ಹದಿಹರೆಯದವರಿಗೆ ದೇಶದ ಪಾಠ: ಮುಕ್ತಾ ಸಾಳವೆಯಿಂದ ಹಂಸಾ ಮೆಹ್ತಾ ಅವರವರೆಗೆ

ಒಂಬತ್ತನೆಯ, ಹತ್ತನೆಯ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಸಮಾಜ ವಿಜ್ಞಾನ ಎಂದರೆ ಪರೀಕ್ಷೆಯ ಹಿಂದಿನ ದಿನ ಬಾಯಿಪಾಠ ಮಾಡಿ ಮುಗಿಸುವ ವಿಷಯ. ಗಣಿತಕ್ಕೆ ಟ್ಯೂಷನ್ ಇದೆ, ವಿಜ್ಞಾನಕ್ಕೆ ಕೋಚಿಂಗ್ ಕ್ಲಾಸ್ ಇದೆ. ನಮ್ಮ ಸಮಾಜ ಹೇಗಿದೆ, ನಾವು ಯಾರು, ಜಗತ್ತಿನಲ್ಲಿ ನಮ್ಮ ದೇಶದ ಪಾಲೇನು ಎಂಬ ಮಾತಿಗೆ ಮಾತ್ರ ಸಮಯವಿಲ್ಲ. ಹಾಗೆಂದು ಮಕ್ಕಳು ಅದನ್ನು ಕಲಿಯದೆ ಉಳಿಯುವುದಿಲ್ಲ. ಮೊಬೈಲಿನಲ್ಲಿ ಬರುವ ಅರ್ಧ ನಿಮಿಷದ ವಿಡಿಯೋಗಳು ಕಲಿಸುತ್ತಲೇ ಇರುತ್ತವೆ. ಒಂದರಲ್ಲಿ ನಮ್ಮ ದೇಶದಂಥ ದೇಶವೇ ಇಲ್ಲ ಎಂಬ ಜಂಬ, ಇನ್ನೊಂದರಲ್ಲಿ ಇಲ್ಲಿ ಏನೂ ಸರಿಯಿಲ್ಲ ಎಂಬ ತಿರಸ್ಕಾರ. ಇವೆರಡರ ನಡುವೆ ನಿಂತು ಯೋಚಿಸಲು ಹದಿನಾಲ್ಕು ವರ್ಷದ ಮಗುವಿಗೆ ಯಾರಾದರೂ ನೆರವಾಗಬೇಕು.

ಈ ಕೆಲಸ ನಮ್ಮ ಹಿಂದಿನವರ ಪಾಲಿಗೂ ಬಂದಿತ್ತು. ಅವರಲ್ಲಿ ಕೆಲವರು ಅದನ್ನು ಎಷ್ಟು ಶ್ರದ್ಧೆಯಿಂದ ಮಾಡಿದರು, ಕೆಲವರು ಅದನ್ನು ಹೇಗೆ ದುರುಪಯೋಗ ಮಾಡಿಕೊಂಡರು ಎಂಬುದಕ್ಕೆ ನಾವು ಬದುಕು ಕಟ್ಟಿಕೊಂಡಿರುವ ಮುಂಬಯಿ ಮತ್ತು ನೆರೆಯ ಪುಣೆಯ ಚರಿತ್ರೆಯಲ್ಲೇ ಉದಾಹರಣೆಗಳಿವೆ. ಅವನ್ನು ನೆನೆಯುವುದು ಈ ಲೇಖನದ ಉದ್ದೇಶ.

ಹುಡುಗಿಯರಿಗೆ ಹದಿಹರೆಯ ಸಿಕ್ಕ ಬಗೆ

ಮೊದಲು ಒಂದು ಮಾತನ್ನು ಗಮನಿಸಬೇಕು. ಶಾಲೆಗೆ ಹೋಗುವ, ಗೆಳತಿಯರೊಡನೆ ಹರಟುವ, ಮುಂದೇನಾಗಬೇಕೆಂದು ಕನಸು ಕಾಣುವ ಹದಿಹರೆಯ ನಮ್ಮ ದೇಶದ ಬಹುಪಾಲು ಹೆಣ್ಣುಮಕ್ಕಳಿಗೆ ಇರಲೇ ಇಲ್ಲ. ಹತ್ತು ಹನ್ನೊಂದಕ್ಕೆ ಮದುವೆ, ಹದಿಮೂರು ಹದಿನಾಲ್ಕಕ್ಕೆ ಸಂಸಾರ. ಬಾಲ್ಯ ಮುಗಿದ ಮರುದಿನವೇ ಗೃಹಿಣಿಯ ಬದುಕು.

ಮುಂಬಯಿಯ ರುಖ್ಮಾಬಾಯಿ ಅವರಿಗೆ ಮದುವೆಯಾದಾಗ ಹನ್ನೊಂದು ವರ್ಷ. ದೊಡ್ಡವಳಾದ ಮೇಲೆ ಗಂಡನ ಮನೆಗೆ ಹೋಗಲು ಅವರು ಒಪ್ಪಲಿಲ್ಲ. ಗಂಡ 1884ರಲ್ಲಿ ನ್ಯಾಯಾಲಯಕ್ಕೆ ಹೋದ. ಹೋಗಿ ಬಾಳುವೆ ಮಾಡು, ಇಲ್ಲವಾದರೆ ಆರು ತಿಂಗಳು ಸೆರೆಮನೆ ಎಂಬ ತೀರ್ಪು 1887ರಲ್ಲಿ ಬಂದಾಗ, ಸೆರೆಮನೆಯೇ ಆಗಲಿ ಎಂಬುದು ರುಖ್ಮಾಬಾಯಿ ಅವರ ಉತ್ತರವಾಗಿತ್ತು. ಮರುವರ್ಷ ಪ್ರಕರಣ ರಾಜಿಯಲ್ಲಿ ಮುಗಿಯಿತು. ಅವರು ಲಂಡನ್ನಿಗೆ ಹೋಗಿ ವೈದ್ಯಕೀಯ ಓದಿ ಡಾಕ್ಟರಾದರು. ಆ ವಾದವಿವಾದದ ಕಾವಿನಲ್ಲೇ 1891ರಲ್ಲಿ ಹೆಣ್ಣುಮಕ್ಕಳ ಸಮ್ಮತಿಯ ವಯಸ್ಸು ಹತ್ತರಿಂದ ಹನ್ನೆರಡಕ್ಕೆ ಏರಿತು. ಹತ್ತರಿಂದ ಹನ್ನೆರಡಕ್ಕೆ! ಅಷ್ಟಕ್ಕೇ ದೇಶದಲ್ಲಿ ಎಷ್ಟೊಂದು ಗದ್ದಲವಾಯಿತು. 1929ರ ಶಾರದಾ ಕಾಯ್ದೆ ಹುಡುಗಿಯ ಮದುವೆಯ ವಯಸ್ಸನ್ನು ಹದಿನಾಲ್ಕು ಎಂದು ನಿಗದಿ ಮಾಡಿತು. ಅದು ಹದಿನೆಂಟಾದದ್ದು 1978ರಲ್ಲಿ.

ಅಂದರೆ ಇಂದು ಬೆನ್ನಿಗೆ ಬ್ಯಾಗು ಏರಿಸಿಕೊಂಡು ಲೋಕಲ್ ಟ್ರೇನು ಹತ್ತುವ ಹುಡುಗಿಯ ಹಿಂದೆ ನೂರು ವರ್ಷಗಳ ಹೋರಾಟವಿದೆ. ಅವಳ ವಯಸ್ಸೇ ಚರಿತ್ರೆಯ ಒಂದು ಪಾಠ. ಇದನ್ನು ಅವಳಿಗೆ ನಾವು ಹೇಳಿದ್ದೇವೆಯೇ?

1855: ಒಬ್ಬ ವಿದ್ಯಾರ್ಥಿನಿಯ ಪ್ರಬಂಧ

ಜ್ಯೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿ 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಪಾಠ ಹೇಳಲು ಹೋಗುವ ಸಾವಿತ್ರಿಬಾಯಿಯವರ ಮೇಲೆ ದಾರಿಯಲ್ಲಿ ಸಗಣಿ ಎರಚುತ್ತಿದ್ದರು ಎಂಬುದನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಅವರ ಶಾಲೆಯಲ್ಲಿ ಕಲಿತ ಮಕ್ಕಳು ಏನಾದರು ಎಂದು ಕೇಳುವವರು ಕಡಿಮೆ.

ಫುಲೆಯವರ ಶಾಲೆಯಲ್ಲಿ ಓದುತ್ತಿದ್ದ ಮುಕ್ತಾ ಸಾಳವೆ ಮಾಂಗ್ ಸಮುದಾಯದ ಹುಡುಗಿ. ವಯಸ್ಸು ಹದಿನಾಲ್ಕರ ಆಸುಪಾಸು. ಮಾಂಗ್ ಮತ್ತು ಮಹಾರ್ ಜನರ ದುಃಖವನ್ನು ಕುರಿತು ಅವಳು ಮರಾಠಿಯಲ್ಲಿ ಬರೆದ ಪ್ರಬಂಧ 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ವೇದ ನಮ್ಮದಲ್ಲ, ನಾವು ಅದನ್ನು ನೋಡುವಂತೆಯೂ ಇಲ್ಲ ಎನ್ನುವುದಾದರೆ ನಮ್ಮ ಧರ್ಮ ಯಾವುದು ಎಂದು ಅವಳು ಅದರಲ್ಲಿ ನೇರವಾಗಿ ಕೇಳುತ್ತಾಳೆ. ತಲೆಯ ಮೇಲೆ ಸೂರಿಲ್ಲದೆ ಮಳೆ ಚಳಿಯಲ್ಲಿ ಹೆರುವ ತನ್ನ ಜಾತಿಯ ಹೆಂಗಸರ ಸಂಕಟವನ್ನು ವಿವರಿಸುತ್ತಾಳೆ. ಪೇಶ್ವೆಗಳ ಕಾಲದಲ್ಲಿ ತನ್ನ ಜನ ಅನುಭವಿಸಿದ ಕ್ರೌರ್ಯವನ್ನು ಹೇಳಿ, ಕೊನೆಗೆ ತನ್ನವರತ್ತ ತಿರುಗಿ, ವಿದ್ಯೆಯೊಂದೇ ನಿಮ್ಮ ಕಾಯಿಲೆಗೆ ಮದ್ದು ಎಂಬರ್ಥದ ಮಾತಾಡುತ್ತಾಳೆ.

ನಾವು ಮಕ್ಕಳಿಗೆ ‘ನನ್ನ ದೇಶ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಿಸುತ್ತೇವೆ. ಹಿಮಾಲಯ, ಗಂಗೆ, ವಿವಿಧತೆಯಲ್ಲಿ ಏಕತೆ ಎಲ್ಲವೂ ಸಾಲಾಗಿ ಬರುತ್ತವೆ. ಮುಕ್ತಾ ಬರೆದದ್ದು ಅಂಥ ಪ್ರಬಂಧವಲ್ಲ. ತನ್ನ ಕಣ್ಣಿಗೆ ಕಂಡ ಸಮಾಜವನ್ನು ಅವಳು ಹಾಗೆಯೇ ಬರೆದಳು. ಕೆಲವೇ ವರ್ಷ ಓದಿದ ಹುಡುಗಿಗೆ ಅಷ್ಟು ಧೈರ್ಯ ಬಂದದ್ದು ಹೇಗೆ? ಪ್ರಶ್ನೆ ಕೇಳಿದರೆ ಗದರದ ಗುರುಗಳು ಅವಳಿಗೆ ಸಿಕ್ಕಿದ್ದರು ಎಂದೇ ಹೇಳಬೇಕು.

1897: ಸರಕಾರ ಕಲಿಸಿದ ಪಾಠ

ಇದಕ್ಕೆ ಪೂರ್ತಿ ಬೇರೆಯಾದ ಇನ್ನೊಂದು ಪಾಠವೂ ಇತ್ತು. ವಿಲಿಯಂ ಲೀ-ವಾರ್ನರ್ ಎಂಬ ಅಧಿಕಾರಿ ಮುಂಬಯಿ ಪ್ರಾಂತದ ಸೇವೆಯಲ್ಲಿದ್ದವರು. 1895ರಲ್ಲಿ ಕೆಲಕಾಲ ಮೈಸೂರಿನಲ್ಲಿ ರೆಸಿಡೆಂಟರೂ ಆಗಿದ್ದರು. 1897ರಲ್ಲಿ ಅವರು ‘ದಿ ಸಿಟಿಜನ್ ಆಫ್ ಇಂಡಿಯಾ’ ಎಂಬ ಶಾಲಾ ಪುಸ್ತಕ ಬರೆದರು. ಹೆಸರು ನೋಡಿದರೆ ಭಾರತದ ನಾಗರಿಕ. ಓದಿದರೆ ಪ್ರಜೆಗಳಿಗೆ ರಾಜಭಕ್ತಿಯ ಬೋಧನೆ. ಹಳ್ಳಿ, ಪಟ್ಟಣ, ಜಿಲ್ಲೆ, ಪ್ರಾಂತ ಎಂದು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ, ಈ ದೇಶಕ್ಕೆ ಶಾಂತಿ, ರೈಲು, ಆಸ್ಪತ್ರೆ, ಶಾಲೆ ತಂದುಕೊಟ್ಟದ್ದು ಬ್ರಿಟಿಷ್ ಆಡಳಿತ ಎಂಬ ಭಾವನೆಯನ್ನು ಮಕ್ಕಳಲ್ಲಿ ಮೂಡಿಸುವುದು ಅದರ ಗುರಿ.

ನಮ್ಮ ಶಾಲೆಗಳಲ್ಲಿ ‘ಪೌರನೀತಿ’ ಎಂಬ ವಿಷಯ ಬೇರೂರಿದ್ದು ಈ ಬಗೆಯ ಪುಸ್ತಕಗಳ ಮೂಲಕ. ಜನರಲ್ಲಿ ಆಡಳಿತದ ಬಗ್ಗೆ ಅಸಮಾಧಾನ ಹೆಚ್ಚುತ್ತಿದ್ದ ಕಾಲದಲ್ಲಿ ವಿಧೇಯತೆ ಕಲಿಸಲೆಂದೇ ಈ ವಿಷಯ ಬಂತು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸ್ಪಷ್ಟವಾಗಿ ಗುರುತಿಸಿದೆ. ರಸ್ತೆಯಲ್ಲಿ ಉಗುಳಬಾರದು, ತೆರಿಗೆ ಕಟ್ಟಬೇಕು, ಹಿರಿಯರ ಮಾತು ಮೀರಬಾರದು ಎಂಬ ಪಟ್ಟಿಯೇ ನಾಗರಿಕತ್ವ ಎಂದು ನಮ್ಮಲ್ಲಿ ಹಲವರು ಇಂದಿಗೂ ನಂಬಿದ್ದೇವೆ. ಉಗುಳದಿರುವುದು ಒಳ್ಳೆಯದೇ. ಆದರೆ ಚರಂಡಿಗೆ ಇಳಿಯುವವನು ಯಾವಾಗಲೂ ಒಂದೇ ಜಾತಿಯವನು ಏಕೆ ಎಂದು ಕೇಳುವುದೂ ನಾಗರಿಕತ್ವದ ಪಾಠವೇ. ಲೀ-ವಾರ್ನರ್ ಅವರ ಪುಸ್ತಕಕ್ಕಿಂತ ನಲವತ್ತೆರಡು ವರ್ಷ ಮೊದಲೇ ಮುಕ್ತಾ ಆ ಪಾಠ ಬರೆದಿದ್ದಳು.

ಪುಣೆಯ ಸಮ್ಮೇಳನ, ಸೆರೆಮನೆಯ ಪತ್ರಗಳು

1927ರ ಜನವರಿಯಲ್ಲಿ ದೇಶದ ನಾನಾ ಭಾಗಗಳ ಮಹಿಳೆಯರು ಪುಣೆಯಲ್ಲಿ ಸೇರಿದರು. ಸ್ತ್ರೀಶಿಕ್ಷಣದ ಸುಧಾರಣೆಗಾಗಿ ನಡೆದ ಆ ಸಭೆಯೇ ಅಖಿಲ ಭಾರತ ಮಹಿಳಾ ಪರಿಷತ್ತಿನ ಹುಟ್ಟು. ಬರೋಡೆಯ ಮಹಾರಾಣಿ ಚಿಮಣಾಬಾಯಿ ಅಧ್ಯಕ್ಷತೆ ವಹಿಸಿದ್ದರು. ಮಾರ್ಗರೆಟ್ ಕಸಿನ್ಸ್ ಅದರ ಹಿಂದಿನ ಶಕ್ತಿ. ಸಂಘಟನೆಯ ಹೊಣೆ ಹೊತ್ತವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ, ಆಗ ಇಪ್ಪತ್ತಮೂರರ ಹರೆಯದ ಕಮಲಾದೇವಿ ಚಟ್ಟೋಪಾಧ್ಯಾಯ ಒಬ್ಬರು. ಶಿಕ್ಷಣದ ಮಾತು ಆಡಲು ಸೇರಿದವರಿಗೆ ಬೇಗನೆ ಒಂದು ಸತ್ಯ ಹೊಳೆಯಿತು. ಹದಿಮೂರಕ್ಕೆ ಮದುವೆಯಾಗುವ ಹುಡುಗಿಗೆ ಎಂಥ ಒಳ್ಳೆಯ ಪಠ್ಯಪುಸ್ತಕ ಬರೆದರೂ ಪ್ರಯೋಜನವಿಲ್ಲ. ಹಾಗಾಗಿ ಅವರು ಶಾರದಾ ಕಾಯ್ದೆಯ ಪರವಾಗಿ ದುಡಿದರು.

ಅದೇ ಕಾಲದಲ್ಲಿ ಒಬ್ಬ ತಂದೆ ಮಗಳಿಗೆ ಚರಿತ್ರೆ ಕಲಿಸುತ್ತಿದ್ದರು. ಜವಾಹರಲಾಲ್ ನೆಹರೂ 1930ರ ಅಕ್ಟೋಬರಿನಲ್ಲಿ, ಮಗಳು ಇಂದಿರಾಳ ಹದಿಮೂರನೆಯ ಹುಟ್ಟುಹಬ್ಬಕ್ಕೆ, ನೈನಿ ಸೆರೆಮನೆಯಿಂದ ಒಂದು ಪತ್ರ ಬರೆದರು. ಉಡುಗೊರೆ ಕಳುಹಿಸಲು ಸಾಧ್ಯವಿರಲಿಲ್ಲ, ಅದರ ಬದಲು ಪತ್ರ. ಹಾಗೆ ಮೊದಲಾದ ಸರಣಿ 1933ರ ಆಗಸ್ಟ್ ವೇಳೆಗೆ 196 ಪತ್ರಗಳಾಗಿ ಬೆಳೆಯಿತು. ‘ಗ್ಲಿಂಪ್ಸಸ್ ಆಫ್ ವರ್ಲ್ಡ್ ಹಿಸ್ಟರಿ’ ಎಂಬ ಹೆಸರಿನಲ್ಲಿ 1934ರಲ್ಲಿ ಪ್ರಕಟವಾಯಿತು. ಕೈಗೆಟಕುವ ಗ್ರಂಥಾಲಯವಿಲ್ಲದೆ, ಹೆಚ್ಚಾಗಿ ತಮ್ಮ ಟಿಪ್ಪಣಿ ಪುಸ್ತಕಗಳನ್ನು ನೆಚ್ಚಿಕೊಂಡು ಬರೆದದ್ದು. ಚೀನಾ, ಪರ್ಷಿಯಾ, ಅರಬರು, ಯುರೋಪು, ರಷ್ಯಾ ಎಲ್ಲವೂ ಅದರಲ್ಲಿವೆ. ಜಗತ್ತಿನ ಕತೆಯ ನಡುವೆ ಭಾರತವನ್ನು ಇಟ್ಟು ನೋಡುವ ರೀತಿ ಅದು. ನಮ್ಮನ್ನು ನಾವು ತಿಳಿಯಬೇಕಾದರೆ ನೆರೆಹೊರೆಯನ್ನೂ ತಿಳಿಯಬೇಕು ಎಂಬ ನಂಬಿಕೆ ಪುಟಪುಟದಲ್ಲೂ ಇದೆ.

ಪತ್ರಗಳನ್ನು ಬರೆಯುವ ಆ ವರ್ಷಗಳಲ್ಲಿ, 1931ರಿಂದ, ಇಂದಿರಾ ಓದುತ್ತಿದ್ದುದು ಪುಣೆಯ ವಸತಿ ಶಾಲೆಯೊಂದರಲ್ಲಿ. 1932ರ ಸೆಪ್ಟೆಂಬರಿನಲ್ಲಿ ಅದೇ ಊರಿನ ಯೆರವಡಾ ಸೆರೆಮನೆಯಲ್ಲಿ ಗಾಂಧೀಜಿ ಉಪವಾಸ ಕುಳಿತರು. ಇಂದಿರಾ ಅವರನ್ನು ಹೋಗಿ ಕಂಡಳು. ಅಸ್ಪೃಶ್ಯರೆನಿಸಿಕೊಂಡವರಿಗೆ ಪ್ರತ್ಯೇಕ ಮತಕ್ಷೇತ್ರ ಇರಬೇಕೇ ಬೇಡವೇ ಎಂಬುದು ಅಂದಿನ ವಿವಾದ. ಬೇಕೆಂದು ವಾದಿಸಿದವರು ಡಾ. ಬಿ.ಆರ್. ಅಂಬೇಡ್ಕರ್. ಹಿಂದೂ ಸಮಾಜ ಒಡೆಯುತ್ತದೆ ಎಂದು ವಿರೋಧಿಸಿದವರು ಗಾಂಧೀಜಿ. ಸೆಪ್ಟೆಂಬರ್ 24ರಂದು ಪುಣೆ ಒಪ್ಪಂದವಾಯಿತು. ಪ್ರತ್ಯೇಕ ಮತಕ್ಷೇತ್ರ ಹೋಗಿ ಮೀಸಲು ಸ್ಥಾನಗಳು ಬಂದವು. ಆ ಒಪ್ಪಂದಕ್ಕೆ ಅಂಬೇಡ್ಕರ್ ಎಂಥ ಒತ್ತಡದಲ್ಲಿ ಸಹಿ ಹಾಕಿದರು ಎಂಬುದನ್ನು ಅವರೇ ಮುಂದೆ ಕಟುವಾಗಿ ಬರೆದಿದ್ದಾರೆ.

ಮುಕ್ತಾ ಪ್ರಶ್ನೆ ಕೇಳಿದ್ದು ಪುಣೆಯಲ್ಲಿ. ಎಪ್ಪತ್ತೇಳು ವರ್ಷಗಳ ಬಳಿಕ ಅದೇ ಪ್ರಶ್ನೆಗೆ ದೇಶದ ಇಬ್ಬರು ದೊಡ್ಡವರು ಉತ್ತರ ಹುಡುಕಿದ್ದೂ ಪುಣೆಯಲ್ಲಿ. ಇಬ್ಬರೂ ದೊಡ್ಡವರು, ಇಬ್ಬರೂ ದೇಶದ ಹಿತ ಬಯಸಿದವರು, ಆದರೂ ಅವರ ನಡುವೆ ಒಮ್ಮತವಿರಲಿಲ್ಲ. ಇದನ್ನು ಮಕ್ಕಳಿಗೆ ಹೇಳಲು ನಾವು ಹಿಂಜರಿಯುತ್ತೇವೆ. ಗೋಡೆಯ ಮೇಲೆ ಅಕ್ಕಪಕ್ಕ ಇಬ್ಬರ ಪಟ ಹಾಕಿ ಕೈಮುಗಿಯುವುದು ಸುಲಭ, ಇಬ್ಬರ ವಾದವನ್ನೂ ಪಕ್ಷಪಾತವಿಲ್ಲದೆ ಮಗುವಿನ ಮುಂದಿಡುವುದು ಕಷ್ಟ. ಆದರೆ ಹದಿನೈದರ ಮಗುವಿಗೆ ಎರಡು ವಾದಗಳನ್ನು ತೂಗಿ ನೋಡುವ ಶಕ್ತಿ ಖಂಡಿತ ಇರುತ್ತದೆ. ಮನೆಯಲ್ಲಿ ನಮ್ಮೊಡನೆ ದಿನವೂ ವಾದ ಮಾಡುವ ಮಕ್ಕಳಲ್ಲವೇ ಅವರು!

ಧ್ವಜ, ಸಂವಿಧಾನ ಮತ್ತು ಒಂದು ಪದ

1947ರ ಆಗಸ್ಟ್ 14ರ ನಡುರಾತ್ರಿ ಸಂವಿಧಾನ ಸಭೆಯಲ್ಲಿ ಭಾರತದ ಮಹಿಳೆಯರ ಪರವಾಗಿ ರಾಷ್ಟ್ರಧ್ವಜವನ್ನು ಅರ್ಪಿಸಿದವರು ಹಂಸಾ ಮೆಹ್ತಾ. ಸೂರತ್‌ನಲ್ಲಿ ಹುಟ್ಟಿ, ಮುಂಬಯಿಯನ್ನು ಕರ್ಮಭೂಮಿ ಮಾಡಿಕೊಂಡವರು. ಮುಂಬಯಿ ವಿಧಾನ ಪರಿಷತ್ತಿನ ಸದಸ್ಯೆ, ಮಹಿಳಾ ಪರಿಷತ್ತಿನ ಅಧ್ಯಕ್ಷೆ, ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದ ಉಪಕುಲಪತಿ. ನಮ್ಮ ಎಷ್ಟೋ ಹೆಣ್ಣುಮಕ್ಕಳು ಓದಿ ಬಂದ ಆ ವಿಶ್ವವಿದ್ಯಾಲಯವನ್ನು ಒಂದು ಕಾಲಕ್ಕೆ ನಡೆಸಿದವರು ಇವರು ಎಂಬುದು ಅಲ್ಲಿ ಓದಿದವರಿಗೂ ಗೊತ್ತಿರುವುದಿಲ್ಲ.

ಸಂವಿಧಾನ ಸಭೆಯಲ್ಲಿ ಹದಿನೈದು ಮಹಿಳೆಯರಿದ್ದರು. ಅವರಲ್ಲಿ ದಾಕ್ಷಾಯಣಿ ವೇಲಾಯುಧನ್ ಏಕೈಕ ದಲಿತ ಮಹಿಳೆ. ವಯಸ್ಸು ಮೂವತ್ತನಾಲ್ಕು. 1948ರ ನವೆಂಬರ್ 29ರಂದು ಸಭೆ ಅಸ್ಪೃಶ್ಯತೆಯನ್ನು ರದ್ದುಗೊಳಿಸುವ ವಿಧಿಯನ್ನು ಅಂಗೀಕರಿಸಿತು. ಅದೇ ಇಂದಿನ ಹದಿನೇಳನೆಯ ವಿಧಿ. ಪರೀಕ್ಷೆಗೆ ‘ವಿಧಿ 17: ಅಸ್ಪೃಶ್ಯತಾ ನಿವಾರಣೆ’ ಎಂದು ಒಂದೇ ಸಾಲಿನಲ್ಲಿ ಕಲಿಯುವ ಮಗುವಿಗೆ, ಆ ಸಾಲಿನ ಹಿಂದೆ ಮುಕ್ತಾಳ ಪ್ರಬಂಧವಿದೆ, ಯೆರವಡಾದ ಉಪವಾಸವಿದೆ, ಅಂಬೇಡ್ಕರ್ ಅವರ ನೋವಿದೆ ಎಂದು ತಿಳಿದರೆ ಆ ಸಾಲು ಮರೆಯುವುದೇ ಇಲ್ಲ.

ಇನ್ನು ಜಗತ್ತಿನಲ್ಲಿ ನಮ್ಮ ಪಾಲು. ಇದು ಸ್ವಾತಂತ್ರ್ಯ ಬರುವ ಮೊದಲೇ ಆರಂಭವಾಗಿತ್ತು. 1946ರಲ್ಲಿ ವಿಜಯಲಕ್ಷ್ಮಿ ಪಂಡಿತ್ ಅವರ ನೇತೃತ್ವದ ನಿಯೋಗ, ದಕ್ಷಿಣ ಆಫ್ರಿಕಾದಲ್ಲಿ ಭಾರತೀಯರಿಗೆ ಆಗುತ್ತಿದ್ದ ಜನಾಂಗೀಯ ಅನ್ಯಾಯವನ್ನು ವಿಶ್ವಸಂಸ್ಥೆಯ ಮುಂದಿಟ್ಟಿತು. ಅದು ತಮ್ಮ ಒಳಾಡಳಿತದ ವಿಷಯ ಎಂದು ದಕ್ಷಿಣ ಆಫ್ರಿಕಾ ವಾದಿಸಿದರೂ ಮೂರನೆಯ ಎರಡು ಭಾಗದ ಬಹುಮತ ಭಾರತಕ್ಕೆ ದೊರೆಯಿತು. ಏಳು ವರ್ಷಗಳ ನಂತರ, 1953ರಲ್ಲಿ, ಅದೇ ವಿಜಯಲಕ್ಷ್ಮಿ ಪಂಡಿತ್ ವಿಶ್ವಸಂಸ್ಥೆಯ ಮಹಾಸಭೆಯ ಮೊದಲ ಮಹಿಳಾ ಅಧ್ಯಕ್ಷರಾದರು.

ಹಂಸಾ ಮೆಹ್ತಾ 1947ರಿಂದ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. ಅಧ್ಯಕ್ಷೆ ಎಲಿನಾರ್ ರೂಸ್‌ವೆಲ್ಟ್ ಅವರನ್ನು ಬಿಟ್ಟರೆ ಅಲ್ಲಿದ್ದ ಇನ್ನೊಬ್ಬ ಮಹಿಳಾ ಪ್ರತಿನಿಧಿ ಇವರು. ಘೋಷಣೆಯ ಕರಡಿನ ಮೊದಲ ವಿಧಿಯಲ್ಲಿ ಹುಟ್ಟಿನಿಂದ ಎಲ್ಲ ‘ಮೆನ್’ ಸಮಾನರು ಎಂದಿತ್ತು. ಕನ್ನಡದಲ್ಲಿ ‘ಮನುಷ್ಯರು’ ಎಂದರೆ ಹೆಣ್ಣೂ ಸೇರುತ್ತಾಳೆ, ನಮಗೆ ತೊಡಕಿಲ್ಲ. ಇಂಗ್ಲಿಷಿನ ‘ಮೆನ್’ ಹಾಗಲ್ಲ, ಅದಕ್ಕೆ ಗಂಡಸರು ಎಂಬ ಅರ್ಥವೂ ಇದೆ. ಆ ಪದದಲ್ಲಿ ಹೆಂಗಸರೂ ಸೇರುತ್ತಾರೆ ಎಂದು ಹಲವರು ಸಮಾಧಾನ ಹೇಳಿದರು. ಅದನ್ನು ನೆಪ ಮಾಡಿಕೊಂಡು ಹೆಂಗಸರನ್ನು ಹೊರಗಿಡುವ ದೇಶಗಳಿವೆ ಎಂಬುದು ಹಂಸಾ ಅವರ ಆತಂಕ. ಅವರು ಪಟ್ಟು ಬಿಡಲಿಲ್ಲ. 1948ರ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ ಒಪ್ಪಿತವಾದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯಲ್ಲಿ ಇರುವುದು ‘ಹ್ಯೂಮನ್ ಬೀಯಿಂಗ್ಸ್’.

ಜಗತ್ತಿನಲ್ಲಿ ಭಾರತದ ಸ್ಥಾನ ಎಂದ ಕೂಡಲೆ ನಮ್ಮ ಮಕ್ಕಳು ಕ್ಷಿಪಣಿ, ಕ್ರಿಕೆಟ್, ಆರ್ಥಿಕತೆಯ ಕ್ರಮಾಂಕ ಹೇಳುತ್ತಾರೆ. ಅವೆಲ್ಲ ಇರಲಿ. ಒಂದು ಪದವನ್ನು ತಿದ್ದಿ ಲೋಕದ ಅರ್ಧ ಜನರನ್ನು ಒಳಗೆ ಕರೆದುಕೊಂಡದ್ದೂ ಭಾರತದ ಕೊಡುಗೆಯೇ. 2007ರಲ್ಲಿ ಯುದ್ಧದಿಂದ ನಲುಗಿದ್ದ ಲೈಬೀರಿಯಾಕ್ಕೆ ವಿಶ್ವಸಂಸ್ಥೆಯ ಮೊದಲ ಪೂರ್ಣ ಮಹಿಳಾ ಪೊಲೀಸ್ ದಳವನ್ನು ಕಳುಹಿಸಿದ ದೇಶವೂ ನಮ್ಮದೇ.

ಪಠ್ಯಪುಸ್ತಕ ಬದಲಾಯಿತು

ಸ್ವತಂತ್ರ ಭಾರತದಲ್ಲಿ 1961ರಲ್ಲಿ ಎನ್.ಸಿ.ಇ.ಆರ್.ಟಿ. ಸ್ಥಾಪನೆಯಾಯಿತು. ಹಳೆಯ ಪೌರನೀತಿಯ ನೆರಳು ಮಾತ್ರ ಬಹುಕಾಲ ಉಳಿದಿತ್ತು. ರಾಷ್ಟ್ರಪತಿಯ ಅಧಿಕಾರ, ರಾಜ್ಯಸಭೆಯ ಸದಸ್ಯರ ಸಂಖ್ಯೆ ಎಂದು ನಾವೂ ಉರು ಹೊಡೆದೆವು. 2005ರ ಚೌಕಟ್ಟಿನ ಬಳಿಕ ಬಂದ ಒಂಬತ್ತು ಮತ್ತು ಹತ್ತನೆಯ ತರಗತಿಯ ‘ಡೆಮಾಕ್ರಟಿಕ್ ಪಾಲಿಟಿಕ್ಸ್’ ಪುಸ್ತಕಗಳಲ್ಲಿ ಉನ್ನಿ, ಮುನ್ನಿ ಎಂಬ ಎರಡು ಚಿತ್ರದ ಮಕ್ಕಳಿದ್ದಾರೆ. ಪಾಠದ ಅಂಚಿನಲ್ಲಿ ನಿಂತು ಪ್ರಶ್ನೆ ಕೇಳುವುದೇ ಅವರ ಕೆಲಸ. ವಿಧೇಯತೆ ಕಲಿಸಲು ಹುಟ್ಟಿದ ವಿಷಯವೊಂದು ನೂರು ವರ್ಷಗಳ ನಂತರ ಪ್ರಶ್ನೆಗೂ ಜಾಗ ಬಿಟ್ಟಿತು. ಪಠ್ಯಗಳು ಮುಂದೆಯೂ ಬದಲಾಗುತ್ತಿರುತ್ತವೆ. ಸರಕಾರ ಯಾವುದಾದರೂ ಇರಲಿ, ಪಠ್ಯ ಯಾವುದಾದರೂ ಬರಲಿ, ಮಗು ಕೇಳುವ ಪ್ರಶ್ನೆಗೆ ಮನೆಯಲ್ಲಿ ಜಾಗವಿದೆಯೇ ಎಂಬುದು ನಮ್ಮ ಕೈಯಲ್ಲಿದೆ.

ಹೊರನಾಡಿನ ಮಗುವಿನ ಗುರುತು

ನಮ್ಮ ಮಕ್ಕಳಿಗೆ ಇನ್ನೊಂದು ಪ್ರಶ್ನೆ ಹೆಚ್ಚಾಗಿ ಕಾಡುತ್ತದೆ. ಮನೆಯಲ್ಲಿ ಕನ್ನಡ ಅಥವಾ ತುಳು ಅಥವಾ ಕೊಂಕಣಿ, ಬೀದಿಯಲ್ಲಿ ಮರಾಠಿ, ಗೆಳೆಯರೊಡನೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ‘ಹಾಗಾದರೆ ನಾನು ಎಲ್ಲಿಯವಳು?’

ಇದಕ್ಕೂ ಚರಿತ್ರೆಯಲ್ಲಿ ಉತ್ತರವಿದೆ. 1956ರ ನವೆಂಬರ್ 1ಕ್ಕೆ ಮುಂಚೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿದ್ದವು. ಧಾರವಾಡದವರಿಗೆ ಮುಂಬಯಿ ಪರಸ್ಥಳವಾಗಿರಲಿಲ್ಲ, ಅವರ ರಾಜಧಾನಿಯೇ ಆಗಿತ್ತು. ಮಂಗಳೂರು, ಉಡುಪಿಯವರು ಮದರಾಸು ಪ್ರಾಂತದವರು, ಕಲಬುರ್ಗಿಯವರು ನಿಜಾಮರ ಸೀಮೆಯವರು, ಮೈಸೂರಿನವರು ಒಡೆಯರ ಪ್ರಜೆಗಳು. ಇವರೆಲ್ಲ ಒಂದೇ ರಾಜ್ಯದವರಾದದ್ದು 1956ರಲ್ಲಿ. ಆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಗಡಿಗಳು ಬದಲಾದವು, ಕನ್ನಡ ಉಳಿಯಿತು. ಕರಾವಳಿಯಿಂದ ಬರಿಗೈಯಲ್ಲಿ ಬಂದ ಹುಡುಗರು ಹಗಲು ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿ ಈ ಮಹಾನಗರದಲ್ಲಿ ತಲೆಯೆತ್ತಿ ನಿಂತರು. ಅವರೂ ಹದಿಹರೆಯದವರೇ. ಮುಂಬಯಿಯ ಚರಿತ್ರೆಯಲ್ಲಿ ಅವರ ಬೆವರೂ ಸೇರಿದೆ ಎಂದು ತಿಳಿದ ಮಗುವಿಗೆ ತಾನು ಇಲ್ಲಿ ಅತಿಥಿ ಎಂಬ ಅಳುಕು ಇರುವುದಿಲ್ಲ. ಕನ್ನಡತಿ, ಮುಂಬಯಿಯವಳು, ಭಾರತೀಯಳು ಎಂಬ ಮೂರೂ ಗುರುತುಗಳು ಒಂದೇ ಮನಸ್ಸಿನಲ್ಲಿ ಜಗಳವಿಲ್ಲದೆ ಇರಬಲ್ಲವು.

ನಾವೇನು ಮಾಡಬಹುದು?

ದೊಡ್ಡ ಯೋಜನೆಯೇನೂ ಬೇಡ. ನಮ್ಮ ಮಹಿಳಾ ವಿಭಾಗದ ಸಭೆಗಳಿಗೆ ವರ್ಷದಲ್ಲಿ ಎರಡು ಮೂರು ಬಾರಿ ಹದಿಹರೆಯದ ಮಕ್ಕಳನ್ನೂ ಕರೆಯೋಣ. ಭಾಷಣ ಕೇಳಿಸಲು ಬೇಡ, ಅವರ ಮಾತು ಕೇಳಲು. ಸಂವಿಧಾನದ ಪ್ರಸ್ತಾವನೆಯನ್ನು ಕನ್ನಡದಲ್ಲಿ ಒಟ್ಟಿಗೆ ಓದಿ, ಅದರ ಒಂದೊಂದು ಪದ ನಮ್ಮ ಸೊಸೈಟಿಯಲ್ಲಿ, ನಮ್ಮ ಅಡುಗೆಮನೆಯಲ್ಲಿ ಎಷ್ಟು ನಿಜವಾಗಿದೆ ಎಂದು ಚರ್ಚಿಸಬಹುದು. ಮನೆಗೆಲಸಕ್ಕೆ ಬರುವ ಬಾಯಿಗೆ ಬೇರೆ ಲೋಟ ಇಟ್ಟಿರುವ ಮನೆಯಲ್ಲಿ ಸಮಾನತೆಯ ಪಾಠ ಹತ್ತುವುದಿಲ್ಲ. ಮಕ್ಕಳು ಅದನ್ನು ಮೊದಲು ಗಮನಿಸುತ್ತಾರೆ. ಕೇಳಿದರೆ ಸಿಟ್ಟಾಗದೆ ಉತ್ತರ ಕೊಡುವ ಸಿದ್ಧತೆ ನಮಗಿರಬೇಕು.

ಇನ್ನೊಂದು ಅನುಕೂಲ ನಮಗೆ ತಾನಾಗಿ ಒದಗಿದೆ. ಇಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಮರಾಠಿ ಚೆನ್ನಾಗಿ ಬರುತ್ತದೆ. ಮುಕ್ತಾ ಸಾಳವೆಯ ಪ್ರಬಂಧವನ್ನು ಅವರು ಅವಳ ನುಡಿಯಲ್ಲೇ ಓದಬಲ್ಲರು. ಓದಿ, ಮನೆಯ ಅಜ್ಜಿಗೆ ಕನ್ನಡದಲ್ಲಿ ಹೇಳಬಲ್ಲರು. ಕಲಿಸುವವರು ನಾವೇ ಆಗಬೇಕೆಂದಿಲ್ಲ. ಒಂದು ಸಂಜೆ ಅವರು ಓದಲಿ, ನಾವು ಕುಳಿತು ಕೇಳೋಣ.